ರಕ್ತದೊತ್ತಡ: ವಂಶದಿಂದ ಬಂದದ್ದು, ಗ್ರಂಥಿಯಲ್ಲಿ ಹುಟ್ಟಿದ್ದು

2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೊಸ ಹೆಸರು ಪಡೆದರೂ ಜನರ ಬಾಯಲ್ಲಿ ರಾಮನಗರ ಜಿಲ್ಲೆಯೆಂದೇ ಉಳಿದಿರುವ ಸೀಮೆಯಲ್ಲಿ, ಅಂದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಯಾವುದೇ ಸರ್ಕಾರಿ ಆಸ್ಪತ್ರೆಯಲ್ಲಿ, ರಕ್ತದೊತ್ತಡದ ಮಾತ್ರೆಗಾಗಿ ಸಾಲಿನಲ್ಲಿ ನಿಂತವರನ್ನು ಕಾಯಿಲೆ ಹೇಗೆ ಬಂತೆಂದು ವಿಚಾರಿಸಿದರೆ ದೊರೆಯುವ ಉತ್ತರಗಳು ಹೆಚ್ಚಾಗಿ ಎರಡೇ ಬಗೆಯವು. ಉಪ್ಪು ಹೆಚ್ಚಾಯಿತು, ಚಿಂತೆ ಹೆಚ್ಚಾಯಿತು ಎಂಬುದು ಒಂದು. ತಂದೆಗೂ ಇತ್ತು, ಅಜ್ಜನಿಗೂ ಇತ್ತು, ಆದ್ದರಿಂದ ಬಂತು ಎಂಬುದು ಇನ್ನೊಂದು. ಎರಡನೆಯ ಉತ್ತರ ಕೊಡುವವರು ಸಾಮಾನ್ಯವಾಗಿ ಮುಂದಿನ ಪ್ರಶ್ನೆಯನ್ನೇ ಕೇಳುವುದಿಲ್ಲ, ಏಕೆಂದರೆ ವಂಶದಿಂದ ಬಂದದ್ದನ್ನು ಹೊತ್ತುಕೊಂಡೇ ಬದುಕಬೇಕು, ಅದಕ್ಕೆ ಮೂಲದಲ್ಲಿ ಮದ್ದಿಲ್ಲ ಎಂಬ ನಂಬಿಕೆ ಆ ಉತ್ತರದೊಳಗೇ ಅಡಗಿರುತ್ತದೆ. ಹಾರ್ಮೋನಿನ ಕಾರಣದಿಂದ ಏರುವ ರಕ್ತದೊತ್ತಡದಲ್ಲಿ ವಂಶದಿಂದ ಬರುವ ಬಗೆ ಯಾವುದು, ಬಾರದ ಬಗೆ ಯಾವುದು ಎಂಬುದನ್ನು ಬಿಡಿಸಿ ನೋಡಿದರೆ ಈ ನಂಬಿಕೆ ಎಷ್ಟು ತಪ್ಪು, ಆ ತಪ್ಪಿಗೆ ತೆರಬೇಕಾದ ಬೆಲೆ ಎಷ್ಟು ದೊಡ್ಡದು ಎಂಬುದು ತಿಳಿಯುತ್ತದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15 ವರ್ಷ ದಾಟಿದವರ ಪೈಕಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ರಕ್ತದೊತ್ತಡ ಏರಿದೆ ಅಥವಾ ಅದಕ್ಕಾಗಿ ಮಾತ್ರೆ ನಡೆಯುತ್ತಿದೆ. ಇವರಲ್ಲಿ ಬಹುಪಾಲು ಜನರಿಗೆ ಇಂಥದ್ದೇ ಕಾರಣವೆಂದು ಬೆರಳಿಟ್ಟು ತೋರಿಸುವಂಥದ್ದೇನೂ ಇರುವುದಿಲ್ಲ; ವಯಸ್ಸು, ತೂಕ, ಉಪ್ಪು, ಮದ್ಯ, ನಿದ್ದೆಗೇಡು, ಜೊತೆಗೆ ಹಲವಾರು ವಂಶವಾಹಿಗಳ ಸಣ್ಣಸಣ್ಣ ಪ್ರಭಾವ ಎಲ್ಲವೂ ಸೇರಿ ಒತ್ತಡವನ್ನು ಮೇಲಕ್ಕೆ ಎತ್ತಿರುತ್ತವೆ. ಆದರೆ ಉಳಿದವರಲ್ಲಿ ಒಂದು ಗುರುತಿಸಬಹುದಾದ ಕಾರಣ ಇರುತ್ತದೆ, ಆ ಕಾರಣಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಆಲ್ಡೋಸ್ಟಿರೋನ್ ಎಂಬ ಹಾರ್ಮೋನಿನ ಅತಿಯಾದ ಸ್ರಾವ. ಸಾಮಾನ್ಯ ವೈದ್ಯರ ಬಳಿಗೆ ಬರುವ ರಕ್ತದೊತ್ತಡದ ರೋಗಿಗಳಲ್ಲಿ ನೂರಕ್ಕೆ 5ರಿಂದ 10 ಮಂದಿಗೆ ಈ ತೊಂದರೆ ಇರುತ್ತದೆಂದೂ, ಮೂರು ಬಗೆಯ ಮಾತ್ರೆ ನುಂಗಿದರೂ ಒತ್ತಡ ಇಳಿಯದವರಲ್ಲಿ ಐವರಲ್ಲಿ ಒಬ್ಬರಿಗೆ ಇರುತ್ತದೆಂದೂ ಹಲವು ದೇಶಗಳ ಅಧ್ಯಯನಗಳು ತಿಳಿಸಿವೆ. ಹಿಂದೆ ಇದನ್ನು ಅಪರೂಪದ ಕಾಯಿಲೆಯೆಂದು ವೈದ್ಯಕೀಯ ಪುಸ್ತಕಗಳು ಹೇಳುತ್ತಿದ್ದವು. ಹುಡುಕದಿದ್ದುದರಿಂದ ಅದು ಅಪರೂಪವಾಗಿ ಕಂಡಿತ್ತು ಎಂಬುದೇ ನಿಜ.

ಎರಡೂ ಮೂತ್ರಪಿಂಡಗಳ ನೆತ್ತಿಯ ಮೇಲೆ ಒಂದೊಂದು ಅಡ್ರಿನಲ್ ಗ್ರಂಥಿ ಇದೆ, ತೂಕ ಕೆಲವೇ ಗ್ರಾಮುಗಳು. ಅದರ ಹೊರಪದರದಲ್ಲಿ ಆಲ್ಡೋಸ್ಟಿರೋನ್ ತಯಾರಾಗುತ್ತದೆ. ಮೂತ್ರಪಿಂಡ ಸೋಸಿ ಹೊರಹಾಕಲಿರುವ ಸೋಡಿಯಮ್ಮನ್ನು, ಅಂದರೆ ಉಪ್ಪಿನ ಸಾರವನ್ನು, ಮತ್ತೆ ರಕ್ತಕ್ಕೆ ಎಳೆದುಕೊಳ್ಳುವಂತೆ ಮಾಡುವುದೂ, ಅದಕ್ಕೆ ಪ್ರತಿಯಾಗಿ ಪೊಟ್ಯಾಸಿಯಮ್ಮನ್ನು ಮೂತ್ರದಲ್ಲಿ ಬಿಟ್ಟುಕೊಡುವಂತೆ ಮಾಡುವುದೂ ಅದರ ಕೆಲಸ. ಬೆವರು, ಭೇದಿ, ರಕ್ತಸ್ರಾವಗಳಿಂದ ಮೈಯಲ್ಲಿ ಉಪ್ಪು ನೀರು ಕಡಿಮೆಯಾದಾಗ ಮೂತ್ರಪಿಂಡ ರೆನಿನ್ ಎಂಬ ವಸ್ತುವನ್ನು ರಕ್ತಕ್ಕೆ ಬಿಡುತ್ತದೆ, ರೆನಿನ್ ಹಲವು ಹಂತಗಳಲ್ಲಿ ಆಲ್ಡೋಸ್ಟಿರೋನನ್ನು ಎಬ್ಬಿಸುತ್ತದೆ, ಉಪ್ಪು ಉಳಿದು ಒತ್ತಡ ಮೊದಲಿನಂತಾದ ಕೂಡಲೇ ರೆನಿನ್ ತಣ್ಣಗಾಗುತ್ತದೆ, ಆಲ್ಡೋಸ್ಟಿರೋನ್ ಸಹ ಇಳಿಯುತ್ತದೆ. ಈ ಕಾಯಿಲೆಯಲ್ಲಿ ಕೆಡುವುದು ಈ ಕೊನೆಯ ಹಂತ. ರೆನಿನ್ ಪೂರ್ತಿ ತಗ್ಗಿದ್ದರೂ, ಮೈಯಲ್ಲಿ ಉಪ್ಪು ಬೇಕಾದದ್ದಕ್ಕಿಂತ ಹೆಚ್ಚಿದ್ದರೂ, ಗ್ರಂಥಿ ಯಾರ ಅಪ್ಪಣೆಗೂ ಕಾಯದೆ ಆಲ್ಡೋಸ್ಟಿರೋನನ್ನು ಸುರಿಯುತ್ತಲೇ ಇರುತ್ತದೆ. ಇದರಿಂದ ರಕ್ತದ ಪ್ರಮಾಣ ಹೆಚ್ಚುತ್ತದೆ, ಒತ್ತಡ ಏರುತ್ತದೆ, ಕೆಲವರಲ್ಲಿ ಪೊಟ್ಯಾಸಿಯಮ್ ಕುಸಿದು ಮಾಂಸಖಂಡಗಳು ಸೋಲುತ್ತವೆ.

ಲಂಡನ್ನಿನಲ್ಲಿ ಸಿಲ್ವಿಯಾ ಸಿಂಪ್ಸನ್ ಮತ್ತು ಜೇಮ್ಸ್ ಟೇಟ್ ಅವರು ಸ್ವಿಟ್ಜರ್ಲೆಂಡಿನ ರಸಾಯನ ವಿಜ್ಞಾನಿಗಳ ಜೊತೆಗೂಡಿ ಈ ಹಾರ್ಮೋನನ್ನು ಬೇರ್ಪಡಿಸಿದ್ದು 1953ರಲ್ಲಿ. ಅದರ ಮರುವರ್ಷವೇ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯ ಜೆರೋಮ್ ಕಾನ್ ಅವರ ಬಳಿಗೆ, ವರ್ಷಗಳಿಂದ ಕೈಕಾಲು ಸೋಲುವ, ಸೆಳೆತ ಬರುವ, ಆಗಾಗ ನಡೆಯಲೇ ಆಗದಂತಾಗುವ, ರಕ್ತದೊತ್ತಡವೂ ಏರಿದ್ದ 34 ವರ್ಷದ ಹೆಂಗಸೊಬ್ಬರು ಬಂದರು. ಕಾನ್ ಅವರು ತಿಂಗಳುಗಟ್ಟಲೆ ಆಕೆಯ ರಕ್ತ, ಮೂತ್ರ, ಬೆವರುಗಳಲ್ಲಿನ ಲವಣಗಳನ್ನು ಅಳೆದು, ಅಡ್ರಿನಲ್ ಗ್ರಂಥಿಯೇ ಅತಿಯಾಗಿ ಸ್ರವಿಸುತ್ತಿದೆಯೆಂದು ತೀರ್ಮಾನಿಸಿ, 1954ರ ಡಿಸೆಂಬರಿನಲ್ಲಿ ಶಸ್ತ್ರಚಿಕಿತ್ಸೆಗೆ ಒಪ್ಪಿಸಿದಾಗ ಗ್ರಂಥಿಯಲ್ಲಿ ಒಂದು ಗಂಟು ಸಿಕ್ಕಿತು. ಅದನ್ನು ತೆಗೆದ ಮೇಲೆ ಆಕೆಯ ಲವಣಗಳೂ ಒತ್ತಡವೂ ಹದಕ್ಕೆ ಬಂದವು. ಪೋಲೆಂಡಿನ ವೈದ್ಯ ಮಿಹಾವ್ ಲಿಟಿನ್ಸ್ಕಿ 1953ರಲ್ಲಿಯೇ ಇಂಥ ರೋಗಿಗಳ ಬಗೆಗೆ ಬರೆದಿದ್ದರೂ ಆ ಬರಹ ಪೋಲಿಷ್ ಭಾಷೆಯಲ್ಲಿದ್ದುದರಿಂದ ಹೊರಗಿನವರ ಕಣ್ಣಿಗೆ ಬೀಳಲಿಲ್ಲ, ಕಾಯಿಲೆ ಕಾನ್ ಅವರ ಹೆಸರನ್ನೇ ಪಡೆಯಿತು.

ಕಾನ್ ಅವರ ರೋಗಿಯ ಕಾಯಿಲೆ ವಂಶದಿಂದ ಬಂದದ್ದಲ್ಲ, ಈ ಕಾಯಿಲೆಯ ಬಹುಪಾಲು ರೋಗಿಗಳದೂ ಹಾಗೆಯೇ. ನೂರು ರೋಗಿಗಳನ್ನು ತೆಗೆದುಕೊಂಡರೆ ತೊಂಬತ್ತೈದಕ್ಕೂ ಹೆಚ್ಚು ಮಂದಿಯಲ್ಲಿ ತೊಂದರೆ ಅವರವರ ಬದುಕಿನ ನಡುವೆ, ಸಾಮಾನ್ಯವಾಗಿ ಮೂವತ್ತರಿಂದ ಅರವತ್ತರೊಳಗೆ, ಗ್ರಂಥಿಯೊಳಗೇ ಹುಟ್ಟಿಕೊಂಡಿರುತ್ತದೆ. ಕೆಲವರಲ್ಲಿ ಒಂದೇ ಬದಿಯ ಗ್ರಂಥಿಯಲ್ಲಿ ಕ್ಯಾನ್ಸರ್ ಅಲ್ಲದ ಒಂದು ಗಂಟು ಬೆಳೆದಿರುತ್ತದೆ, ಇನ್ನು ಹಲವರಲ್ಲಿ ಎರಡೂ ಗ್ರಂಥಿಗಳಲ್ಲಿ ಸ್ರಾವದ ಜೀವಕೋಶಗಳು ಅಲ್ಲಲ್ಲಿ ಗುಂಪುಗುಂಪಾಗಿ ಹೆಚ್ಚಿರುತ್ತವೆ. ಹಾಗಾದರೆ ಈ ಬಗೆಗೆ ವಂಶವಾಹಿಯ ಸಂಬಂಧವೇ ಇಲ್ಲವೇ ಎಂದು ಕೇಳಿದರೆ ಇದೆ ಎಂಬುದೇ ಉತ್ತರ, ಇಡೀ ವಿಷಯದ ತಿರುಳೂ ಇಲ್ಲಿಯೇ ಇದೆ.

2011ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರಿಚರ್ಡ್ ಲಿಫ್ಟನ್ ಮತ್ತು ಸಂಗಡಿಗರು, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಇಂಥ ಗಂಟುಗಳ ವಂಶವಾಹಿಗಳನ್ನು ಅದೇ ರೋಗಿಗಳ ರಕ್ತದ ವಂಶವಾಹಿಗಳೊಂದಿಗೆ ಹೋಲಿಸಿ ನೋಡಿದರು. ಕೆಸಿಎನ್‌ಜೆ5 ಎಂಬ ವಂಶವಾಹಿಯಲ್ಲಿ ಗಂಟಿನ ಜೀವಕೋಶಗಳಲ್ಲಿ ಒಂದು ಅಕ್ಷರದಷ್ಟು ತಪ್ಪು ಕಂಡಿತು, ರಕ್ತದಲ್ಲಿ ಆ ತಪ್ಪು ಇರಲಿಲ್ಲ. ಈ ವಂಶವಾಹಿ ಜೀವಕೋಶದ ಹೊದಿಕೆಯಲ್ಲಿ ಪೊಟ್ಯಾಸಿಯಮ್ ಮಾತ್ರ ಹಾದುಹೋಗಬಹುದಾದ ಕಿರಿದಾದ ವಾಹಿನಿಯನ್ನು ಕಟ್ಟಿಕೊಡುತ್ತದೆ. ತಪ್ಪು ಸೇರಿಕೊಂಡಾಗ ಅದರಲ್ಲಿ ಸೋಡಿಯಮ್ ಕೂಡ ನುಗ್ಗತೊಡಗುತ್ತದೆ, ಜೀವಕೋಶದ ವಿದ್ಯುತ್ ಸಮತೋಲ ಕೆಡುತ್ತದೆ, ಕ್ಯಾಲ್ಸಿಯಮ್ ಒಳಸೇರುತ್ತದೆ, ಆಲ್ಡೋಸ್ಟಿರೋನ್ ತಯಾರಿಕೆಗೆ ಬಿಡುವೇ ಇಲ್ಲದಂತಾಗುತ್ತದೆ. ಗಂಟುಗಳಲ್ಲಿ ಹೆಚ್ಚುಕಡಿಮೆ ನೂರಕ್ಕೆ ನಲವತ್ತರಲ್ಲಿ ಈ ತಪ್ಪೇ ಇರುತ್ತದೆಂದೂ, ಜಪಾನ್, ಚೀನಾಗಳಲ್ಲಿ ಅದರ ಪಾಲು ಇನ್ನೂ ಹೆಚ್ಚೆಂದೂ, ಹೆಂಗಸರಲ್ಲಿ ಹೆಚ್ಚಾಗಿ ಕಾಣುತ್ತದೆಂದೂ ಆಮೇಲಿನ ಅಧ್ಯಯನಗಳಿಂದ ಗೊತ್ತಾಯಿತು. ಉಳಿದ ಹಲವು ಗಂಟುಗಳಲ್ಲಿ ಲವಣಗಳನ್ನು ಸಾಗಿಸುವ ಬೇರೆ ವಂಶವಾಹಿಗಳಲ್ಲಿ ತಪ್ಪು ಸಿಕ್ಕಿತು.

ತಾಯಿಯ ಹೊಟ್ಟೆಯಲ್ಲಿ ಪಿಂಡ ಕಟ್ಟಿದ ಮೊದಲ ಗಳಿಗೆಯಲ್ಲಿದ್ದ ವಂಶವಾಹಿ ಮೈಯ ಪ್ರತಿಯೊಂದು ಜೀವಕೋಶಕ್ಕೂ, ಆ ಮೂಲಕ ಮುಂದಿನ ಪೀಳಿಗೆಯ ಬೀಜಕ್ಕೂ ಹೋಗುತ್ತದೆ. ನಲವತ್ತನೆಯ ವಯಸ್ಸಿನಲ್ಲಿ ಅಡ್ರಿನಲ್ ಗ್ರಂಥಿಯ ಯಾವುದೋ ಒಂದು ಜೀವಕೋಶ ಇಬ್ಭಾಗವಾಗುವಾಗ ನಕಲಿನಲ್ಲಿ ಆದ ತಪ್ಪು ಆ ಜೀವಕೋಶದ ಸಂತತಿಯಲ್ಲಿ ಮಾತ್ರ, ಅಂದರೆ ಆ ಗಂಟಿನೊಳಗೆ ಮಾತ್ರ ಉಳಿಯುತ್ತದೆ. ಮಗನಿಗೂ ಮಗಳಿಗೂ ಅದು ಹೋಗುವ ದಾರಿಯೇ ಇಲ್ಲ. ವಂಶದ ಬಗೆಯನ್ನೂ ವಂಶದ್ದಲ್ಲದ ಬಗೆಯನ್ನೂ ಬೇರ್ಪಡಿಸುವುದು ವಂಶವಾಹಿಯ ತಪ್ಪು ಇದೆಯೋ ಇಲ್ಲವೋ ಎಂಬುದಲ್ಲ, ಆ ತಪ್ಪು ಯಾವಾಗ, ಎಲ್ಲಿ ಸೇರಿಕೊಂಡಿತು ಎಂಬುದು. 2011ರ ಅದೇ ಸಂಶೋಧನೆ ಇದಕ್ಕೆ ತೀರಾ ಸ್ಪಷ್ಟವಾದ ಸಾಕ್ಷಿಯನ್ನೂ ಒದಗಿಸಿತು. 2008ರಲ್ಲಿ ವರದಿಯಾಗಿದ್ದ ಒಂದು ಕುಟುಂಬದಲ್ಲಿ ತಂದೆಗೂ ಇಬ್ಬರು ಹೆಣ್ಣುಮಕ್ಕಳಿಗೂ ಎಳೆಯ ವಯಸ್ಸಿನಲ್ಲೇ ಭಾರಿ ರಕ್ತದೊತ್ತಡ ಕಾಣಿಸಿಕೊಂಡು, ಗ್ರಂಥಿಗಳು ಬಹಳ ದೊಡ್ಡದಾಗಿ ಬೆಳೆದು, ಎರಡನ್ನೂ ತೆಗೆಯಬೇಕಾಗಿ ಬಂದಿತ್ತು. ಅವರ ಮೈಯ ಎಲ್ಲ ಜೀವಕೋಶಗಳಲ್ಲೂ ಕೆಸಿಎನ್‌ಜೆ5ರಲ್ಲೇ ತಪ್ಪಿತ್ತು. ಒಬ್ಬರಿಗೆ ನಡುವಯಸ್ಸಿನಲ್ಲಿ ಒಂದು ಬದಿಯ ಗಂಟಾಗಿ ಬಂದು ಶಸ್ತ್ರಚಿಕಿತ್ಸೆಯಿಂದ ಹೋಗುವ ಕಾಯಿಲೆ, ಇನ್ನೊಬ್ಬರಿಗೆ ಹುಟ್ಟಿನಿಂದಲೇ ಎರಡೂ ಬದಿಯ ಸಂಕಟವಾಗಿ ಬರುವುದಕ್ಕೆ ಒಂದೇ ವಂಶವಾಹಿ ಕಾರಣವಾಗಿತ್ತು.

ವಂಶದಿಂದ ಬರುವ ಬಗೆಗಳಲ್ಲಿ ಮೊದಲು ಗೊತ್ತಾದದ್ದು, ಚಿಕಿತ್ಸೆಯ ದೃಷ್ಟಿಯಿಂದ ಎಲ್ಲಕ್ಕಿಂತ ಮುಖ್ಯವಾದದ್ದು ಮೊದಲನೆಯ ಬಗೆಯ ಕೌಟುಂಬಿಕ ಆಲ್ಡೋಸ್ಟಿರೋನ್ ಹೆಚ್ಚಳ. 1966ರಲ್ಲಿ ಕೆನಡಾದ ಸದರ್‌ಲೆಂಡ್, ರೂಸ್ ಮತ್ತು ಲೇಡ್‌ಲಾ ಎಂಬ ವೈದ್ಯರು ತಂದೆ ಮಗ ಇಬ್ಬರಲ್ಲೂ ಈ ಕಾಯಿಲೆಯನ್ನು ಕಂಡು, ಡೆಕ್ಸಾಮೆಥಸೋನ್ ಎಂಬ ಸಾಮಾನ್ಯ ಸ್ಟೀರಾಯ್ಡ್ ಮಾತ್ರೆ ಕೊಟ್ಟರೆ ಅದು ಅಡಗುತ್ತದೆಂದು ವರದಿ ಮಾಡಿದರು. ಯಾಕೆ ಅಡಗುತ್ತದೆ ಎಂಬುದು ಇಪ್ಪತ್ತಾರು ವರ್ಷ ಒಗಟಾಗಿಯೇ ಉಳಿದಿತ್ತು. 1992ರಲ್ಲಿ ಲಿಫ್ಟನ್ ಮತ್ತು ಸಂಗಡಿಗರು ಅದನ್ನು ಬಿಡಿಸಿದರು. ಎಂಟನೆಯ ವರ್ಣತಂತುವಿನ ಮೇಲೆ ಅಕ್ಕಪಕ್ಕದಲ್ಲೇ ಎರಡು ವಂಶವಾಹಿಗಳಿವೆ: ಒಂದು ಕಾರ್ಟಿಸಾಲ್ ಎಂಬ ಹಾರ್ಮೋನಿನ ತಯಾರಿಕೆಗೆ ಬೇಕಾದದ್ದು, ಅದು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಆಜ್ಞೆಯಂತೆ ನಡೆಯುತ್ತದೆ, ಇನ್ನೊಂದು ಆಲ್ಡೋಸ್ಟಿರೋನಿನದು, ಅದು ರೆನಿನ್ನಿನ ಸೂಚನೆಯಂತೆ ನಡೆಯುತ್ತದೆ. ಎರಡರ ಬರಹವೂ ಬಹಳ ಮಟ್ಟಿಗೆ ಒಂದೇ ತೆರನಾದದ್ದರಿಂದ, ಬೀಜಕೋಶಗಳು ರೂಪುಗೊಳ್ಳುವಾಗ ವರ್ಣತಂತುಗಳ ಜೋಡಣೆ ತುಸು ಜಾರಿ, ಮೊದಲನೆಯದರ ಆಜ್ಞಾಭಾಗ ಎರಡನೆಯದರ ಕೆಲಸದ ಭಾಗಕ್ಕೆ ಅಂಟಿಕೊಂಡ ಮಿಶ್ರ ವಂಶವಾಹಿಯೊಂದು ಹುಟ್ಟಬಹುದು. ಒಂದು ತೋಟದ ಪಂಪ್‌ಸೆಟ್ಟಿನ ತಂತಿ ಪಕ್ಕದ ತೋಟದ ಸ್ಟಾರ್ಟರಿಗೆ ಸೇರಿಹೋದರೆ, ಪಕ್ಕದವರು ತಮ್ಮ ಬೆಳೆಗೆ ನೀರು ಬಿಟ್ಟಾಗಲೆಲ್ಲ ಈ ತೋಟವೂ ಬೇಡದ ನೀರಿನಲ್ಲಿ ಮುಳುಗುವಂತೆ, ಕಾರ್ಟಿಸಾಲಿಗಾಗಿ ಬಂದ ಪ್ರತಿ ಆಜ್ಞೆಗೂ ಇಲ್ಲಿ ಆಲ್ಡೋಸ್ಟಿರೋನ್ ಹರಿಯುತ್ತದೆ. ಸ್ಟೀರಾಯ್ಡ್ ಮಾತ್ರೆ ಸಣ್ಣ ಪ್ರಮಾಣದಲ್ಲಿ ಪಿಟ್ಯುಟರಿಯನ್ನು ಸುಮ್ಮನಾಗಿಸುತ್ತದೆ, ಆಜ್ಞೆ ನಿಲ್ಲುತ್ತದೆ, ಒತ್ತಡ ಇಳಿಯುತ್ತದೆ. ತಂದೆತಾಯಿಯಿಂದ ಬಂದ ಈ ದೋಷಕ್ಕೆ ಯಾವ ಔಷಧಿ ಅಂಗಡಿಯಲ್ಲೂ ಸಿಗುವ, ಬೆಲೆಯಲ್ಲಿ ತೀರಾ ಅಗ್ಗವಾದ ಮಾತ್ರೆಯೇ ಮೂಲಕ್ಕೆ ಮುಟ್ಟುವ ಮದ್ದು. ಆ ಮದ್ದನ್ನು ವೈದ್ಯರ ಅಳತೆಯಲ್ಲೇ ತೆಗೆದುಕೊಳ್ಳಬೇಕೆಂಬುದನ್ನು ಸೇರಿಸಿಯೇ ಹೇಳಬೇಕು, ಅಳತೆ ತಪ್ಪಿದ ಸ್ಟೀರಾಯ್ಡ್ ಎಲುಬನ್ನೂ ಸಕ್ಕರೆಯನ್ನೂ ಕೆಡಿಸುತ್ತದೆ.

ಗುರುತಿಸದೆ ಬಿಟ್ಟರೆ ಈ ಬಗೆಯ ಅಪಾಯ ಸಣ್ಣದಲ್ಲ. ಈ ದೋಷವಿರುವ ಕುಟುಂಬಗಳನ್ನು ಕುರಿತು 1998ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕುಟುಂಬಗಳಲ್ಲಿ ಯಾರಿಗಾದರೂ ಮಿದುಳಿನ ರಕ್ತನಾಳಗಳ ಅವಘಡ, ಅದರಲ್ಲೂ ರಕ್ತನಾಳ ಒಡೆಯುವ ಬಗೆಯದು, ಸಂಭವಿಸಿತ್ತು, ಅದೂ ಮೂವತ್ತರ ಆಸುಪಾಸಿನ ವಯಸ್ಸಿನಲ್ಲಿ. ತಲೆಯಲ್ಲಿ ನರ ಒಡೆದು ಹೋದರು ಎಂದು ಹಳ್ಳಿಗಳಲ್ಲಿ ನೆನೆಯುವ ಎಳೆವಯಸ್ಸಿನ ಸಾವು ಒಂದೇ ಮನೆತನದಲ್ಲಿ ಎರಡು ಸಲ ಆಗಿದ್ದರೆ, ಆ ಮನೆತನದ ಉಳಿದವರ ರಕ್ತದೊತ್ತಡವನ್ನು ಮಕ್ಕಳಿಂದ ಹಿಡಿದು ಅಳೆಯಬೇಕಾದ ಕಾರಣ ಇದು.

ಉಳಿದ ಕೌಟುಂಬಿಕ ಬಗೆಗಳನ್ನು ಚಿಕ್ಕದಾಗಿ ಹೇಳಬಹುದು. ಎರಡನೆಯ ಬಗೆಯನ್ನು ಆಸ್ಟ್ರೇಲಿಯಾದ ಬ್ರಿಸ್ಬೇನಿನ ರಿಚರ್ಡ್ ಗಾರ್ಡನ್ ಮತ್ತು ಮೈಕೆಲ್ ಸ್ಟೊವಾಸರ್ 1990ರ ದಶಕದ ಆರಂಭದಲ್ಲಿ ವಿವರಿಸಿದರು, ಅದರ ಹಿಂದೆ ಕ್ಲೋರೈಡ್ ವಾಹಿನಿಯೊಂದರ ದೋಷವಿದೆಯೆಂದು 2018ರಲ್ಲಿ ಗೊತ್ತಾಯಿತು. ಮೂರನೆಯದು ಮೇಲೆ ಹೇಳಿದ ಕೆಸಿಎನ್‌ಜೆ5ರದು. ನಾಲ್ಕನೆಯದು ಕ್ಯಾಲ್ಸಿಯಮ್ ವಾಹಿನಿಯೊಂದರದು, 2015ರಲ್ಲಿ ಬೆಳಕಿಗೆ ಬಂತು. ತಂದೆತಾಯಿ ಇಬ್ಬರಲ್ಲೂ ಇಲ್ಲದ ತಪ್ಪು ಮಗುವಿನಲ್ಲಿ ಹೊಸದಾಗಿ ಸೇರಿ, ಹುಟ್ಟಿನಿಂದಲೇ ಒತ್ತಡದ ಜೊತೆಗೆ ಫಿಟ್ಸ್ ಮತ್ತು ನರಮಂಡಲದ ತೊಂದರೆ ಕಾಣಿಸಿಕೊಳ್ಳುವ ತೀರಾ ಅಪರೂಪದ ಬಗೆಯೂ ಒಂದಿದೆ. ಅಂಥ ಮಗುವಿಗೆ ಅದು ವಂಶದಿಂದ ಬಂದದ್ದಲ್ಲ, ಆದರೆ ಆ ಮಗುವಿನಿಂದ ಮುಂದಿನ ವಂಶಕ್ಕೆ ಹೋಗಬಹುದಾದದ್ದು. ಇನ್ನೊಂದು ಮಾತು: ಒಂದು ಮನೆಯಲ್ಲಿ ಇಬ್ಬರಿಗೆ ಆಲ್ಡೋಸ್ಟಿರೋನ್ ಹೆಚ್ಚಿದ್ದ ಮಾತ್ರಕ್ಕೆ ಅದು ಕೌಟುಂಬಿಕವೆಂದು ಹೇಳಿಬಿಡುವಂತಿಲ್ಲ, ಕಾಯಿಲೆ ಇಷ್ಟು ವ್ಯಾಪಕವಾಗಿರುವಾಗ ಒಂದೇ ಸೂರಿನಡಿ ಎರಡು ಪ್ರಕರಣಗಳು ಕಾಕತಾಳೀಯವಾಗಿಯೂ ಕೂಡಬಹುದು.

ಈ ನಾಲ್ಕು ಕೌಟುಂಬಿಕ ಬಗೆಗಳಿಗೂ ಸಮಾನವಾದ ಒಂದು ಲಕ್ಷಣವಿದೆ. ಪ್ರತಿ ವಂಶವಾಹಿಯೂ ತಂದೆಯಿಂದ ಒಂದು, ತಾಯಿಯಿಂದ ಒಂದು ಎಂದು ಎರಡು ಪ್ರತಿಗಳಲ್ಲಿರುತ್ತದೆ. ಇಲ್ಲಿ ಎರಡರಲ್ಲಿ ಒಂದು ಕೆಟ್ಟರೂ ಕಾಯಿಲೆ ಬರುತ್ತದೆ. ಆದ್ದರಿಂದ ರೋಗಿಯ ಪ್ರತಿಯೊಂದು ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ದೋಷ ಬರುವ ಸಂಭವ ಅರ್ಧಕ್ಕರ್ಧ. ರಾಮನಗರದ ಕಡೆಯ ಕೇಳುಗರಿಗೆ ಈ ಮಾತು ಮುಖ್ಯವಾಗುವುದು ಬೇರೊಂದು ಕಾರಣಕ್ಕೆ. ಹಳೆ ಮೈಸೂರಿನ ಈ ಭಾಗದಲ್ಲಿ ಅಕ್ಕನ ಮಗಳನ್ನು, ಸೋದರತ್ತೆಯ ಅಥವಾ ಸೋದರಮಾವನ ಮಕ್ಕಳನ್ನು ಮದುವೆಯಾಗುವ ರೂಢಿ ಹಿಂದಿನಿಂದ ಬಂದದ್ದು. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಎ. ರಾಧಾರಮಾದೇವಿ ಮತ್ತು ಅವರ ಸಂಗಡಿಗರು ಕರ್ನಾಟಕದಲ್ಲಿ ನವಜಾತ ಶಿಶುಗಳ ರಕ್ತವನ್ನು ಹುಟ್ಟುದೋಷಗಳಿಗಾಗಿ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದಾಗ, ಆ ಶಿಶುಗಳ ತಂದೆತಾಯಿಯರಲ್ಲಿ ಮೂರನೆಯ ಒಂದು ಪಾಲಿನಷ್ಟು ಜೋಡಿಗಳು ರಕ್ತಸಂಬಂಧದಲ್ಲಿ ಮದುವೆಯಾದವರೆಂದು ಕಂಡುಬಂತು. ವಂಶದ ಕಾಯಿಲೆ ಎಂದ ಕೂಡಲೇ ಜನ ಈ ಬಗೆಯ ಮದುವೆಯನ್ನು ನೆನೆದು ತಪ್ಪು ಹೊರಿಸುವುದುಂಟು, ಹೆಚ್ಚಾಗಿ ಆ ತಪ್ಪು ಹೆಣ್ಣಿನ ತಲೆಗೇ ಬೀಳುವುದೂ ಉಂಟು. ಆದರೆ ಒಂದೇ ಪ್ರತಿಯಿಂದ ಬರುವ ಕೌಟುಂಬಿಕ ಆಲ್ಡೋಸ್ಟಿರೋನ್ ಕಾಯಿಲೆಗೂ ಒಳಸಂಬಂಧದ ಮದುವೆಗೂ ನಂಟಿಲ್ಲ. ದೂರದ ಊರಿನ, ಸಂಬಂಧವೇ ಇಲ್ಲದ ಹೆಣ್ಣನ್ನು ತಂದರೂ ರೋಗಿಯ ಮಕ್ಕಳ ಪಾಲಿನ ಸಂಭವ ಅಷ್ಟೇ ಇರುತ್ತದೆ.

ಹಾಗೆಂದು ಒಳಸಂಬಂಧದ ಮದುವೆ ಹಾರ್ಮೋನಿನ ರಕ್ತದೊತ್ತಡಕ್ಕೆ ಎಂದೂ ಕಾರಣವಾಗದು ಎನ್ನುವಂತಿಲ್ಲ. ಎರಡೂ ಪ್ರತಿಗಳು ಕೆಟ್ಟರೆ ಮಾತ್ರ ಬರುವ ಬೇರೆ ಕೆಲವು ಅಪರೂಪದ ಕಾಯಿಲೆಗಳಿವೆ, ಒಂದೇ ಅಜ್ಜಿಯ ಕೆಟ್ಟ ಪ್ರತಿ ಗಂಡಹೆಂಡಿರಿಬ್ಬರಿಗೂ ಬಂದಿರಬಹುದಾದ ಮದುವೆಗಳಲ್ಲಿ ಅವುಗಳ ಸಂಭವ ಏರುತ್ತದೆ. ಅಡ್ರಿನಲ್ ಗ್ರಂಥಿಯಲ್ಲಿ ಕಾರ್ಟಿಸಾಲ್ ತಯಾರಾಗುವ ಹಾದಿಯ ಕೆಲವು ಕಿಣ್ವಗಳಲ್ಲಿ ಒಂದು ಇಲ್ಲವಾದರೆ ಕಾರ್ಟಿಸಾಲ್ ಆಗಬೇಕಾದ ವಸ್ತುಗಳು ದಾರಿ ತಪ್ಪಿ ಉಪ್ಪು ಹಿಡಿದಿಡುವ ಮತ್ತೊಂದು ಹಾರ್ಮೋನಾಗಿ ಶೇಖರವಾಗುತ್ತವೆ. ಇದರ ಒಂದು ರೂಪದಲ್ಲಿ ಹೆಣ್ಣುಮಗುವಿನ ಜನನಾಂಗ ಹುಟ್ಟುವಾಗಲೇ ಗಂಡಿನದರಂತೆ ಕಾಣಬಹುದು, ಗಂಡುಮಗು ನಾಲ್ಕೈದು ವರ್ಷಕ್ಕೇ ಪ್ರಾಯದ ಲಕ್ಷಣ ತೋರಬಹುದು. ಇನ್ನೊಂದು ರೂಪದಲ್ಲಿ ಹುಡುಗಿ ಹದಿನಾರು ಹದಿನೇಳು ತುಂಬಿದರೂ ಮೈನೆರೆಯುವುದಿಲ್ಲ, ಜೊತೆಗೆ ರಕ್ತದೊತ್ತಡ ಏರಿರುತ್ತದೆ. ಮೈನೆರೆಯದ ಮಗಳನ್ನು ದೇವಸ್ಥಾನಗಳಿಗೆ ಸುತ್ತಿಸುವ ಮೊದಲು ಅವಳ ರಕ್ತದೊತ್ತಡವನ್ನೂ ಪೊಟ್ಯಾಸಿಯಮ್ಮನ್ನೂ ಒಮ್ಮೆ ನೋಡಿಸುವುದು ತಂದೆತಾಯಿಯರ ಕರ್ತವ್ಯ. ಇಂಥ ಕುಟುಂಬಗಳಿಗೆ ಸಲಹೆ ಬೇಕಾದಾಗ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿರುವ ಮಾನವ ತಳಿವಿಜ್ಞಾನ ಕೇಂದ್ರದಂಥ ಸಂಸ್ಥೆಗಳು ಹತ್ತಿರದಲ್ಲೇ ಇವೆ.

ವಂಶದಿಂದ ಬಂದದ್ದೂ ವಂಶದಿಂದ ಬಾರದ್ದೂ ನಡತೆಯಲ್ಲಿ ಒಂದೇ ಆಗಬಹುದೆಂಬುದಕ್ಕೆ ಮತ್ತೊಂದು ನಿದರ್ಶನ ನಾರುಬೇರು ಮಾರುವ ಗ್ರಂಧಿಗೆ ಅಂಗಡಿಯಲ್ಲಿಯೇ ಇದೆ. ಕಾರ್ಟಿಸಾಲ್ ಸಹ ಆಲ್ಡೋಸ್ಟಿರೋನಿನ ಜಾಗದಲ್ಲಿ ಕುಳಿತು ಮೂತ್ರಪಿಂಡಕ್ಕೆ ಉಪ್ಪು ಹಿಡಿಯುವ ಆಜ್ಞೆ ಕೊಡಬಲ್ಲದು. ಹಾಗಾಗದಂತೆ ಮೂತ್ರಪಿಂಡದಲ್ಲಿರುವ ಒಂದು ಕಿಣ್ವ ಅದನ್ನು ಅಲ್ಲಿಯೇ ನಿಷ್ಕ್ರಿಯಗೊಳಿಸುತ್ತದೆ. ತಂದೆತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಪಡೆದ ಕೆಲವೇ ಮಕ್ಕಳಲ್ಲಿ ಈ ಕಿಣ್ವ ಇರುವುದಿಲ್ಲ. ಅವರು ಕಡಿಮೆ ತೂಕದಲ್ಲಿ ಹುಟ್ಟುತ್ತಾರೆ, ಸರಿಯಾಗಿ ಬೆಳೆಯುವುದಿಲ್ಲ, ರಕ್ತದೊತ್ತಡ ಭಾರಿಯಾಗಿರುತ್ತದೆ, ಪೊಟ್ಯಾಸಿಯಮ್ ಕುಸಿದಿರುತ್ತದೆ, ಆದರೂ ಆಲ್ಡೋಸ್ಟಿರೋನ್ ಅಳೆದರೆ ತೀರಾ ಕಡಿಮೆ ಬರುತ್ತದೆ. ಇದೇ ಕಿಣ್ವವನ್ನು ತಡೆಯುವ ಸತ್ವ ಅತಿಮಧುರದಲ್ಲಿ, ಅಂದರೆ ಜ್ಯೇಷ್ಠಮಧುವಿನಲ್ಲಿದೆ. ಕೆಮ್ಮಿಗೆ ನಾಲ್ಕು ದಿನ ಕಷಾಯ ಕುಡಿದವರಿಗೆ ಆತಂಕವೇನಿಲ್ಲ. ವಾರಗಟ್ಟಲೆ ದಿನವೂ ಹೆಚ್ಚಾಗಿ ಸೇವಿಸುವವರಲ್ಲಿ ಮಾತ್ರ ಹುಟ್ಟಿನಿಂದ ಬಂದ ಕಾಯಿಲೆಯ ಪಡಿಯಚ್ಚಿನಂತೆ ಒತ್ತಡ ಏರಿ ಪೊಟ್ಯಾಸಿಯಮ್ ಇಳಿದ ಪ್ರಕರಣಗಳು ಜಗತ್ತಿನ ಹಲವೆಡೆ ವರದಿಯಾಗಿವೆ, ಸೇವನೆ ನಿಲ್ಲಿಸಿದ ಮೇಲೆ ಅದು ವಾರಗಳಲ್ಲಿ ಸರಿಹೋಗುತ್ತದೆ. ಆಸ್ಪತ್ರೆಯಲ್ಲಿ ಯಾವ ಮಾತ್ರೆ ತಿನ್ನುತ್ತೀರಿ ಎಂದು ಕೇಳಿದಾಗ ನಾಟಿ ಔಷಧಿ, ಚೂರ್ಣ, ಕಷಾಯಗಳ ಹೆಸರನ್ನೂ ಮುಚ್ಚಿಡದೆ ಹೇಳಬೇಕಾದದ್ದು ಇದಕ್ಕಾಗಿ.

ಆಲ್ಡೋಸ್ಟಿರೋನ್ ಹೆಚ್ಚಿದವರಿಗೆ ಆಗುವ ಹಾನಿ ರಕ್ತದೊತ್ತಡವೊಂದರಿಂದಲೇ ಆಗುವುದಲ್ಲ. ಅಷ್ಟೇ ಒತ್ತಡವಿರುವ ಸಾಮಾನ್ಯ ರೋಗಿಗಳೊಂದಿಗೆ ಹೋಲಿಸಿದರೆ ಇವರಲ್ಲಿ ಲಕ್ವ ಹೊಡೆಯುವುದು ಸುಮಾರು ಎರಡೂವರೆ ಪಟ್ಟು, ಹೃದಯದ ಬಡಿತ ಲಯ ತಪ್ಪುವುದು ಸುಮಾರು ಮೂರೂವರೆ ಪಟ್ಟು ಹೆಚ್ಚೆಂದು 2018ರಲ್ಲಿ ಪ್ರಕಟವಾದ ಸಮಗ್ರ ಪರಿಶೀಲನೆಯೊಂದು ತೋರಿಸಿತು, ಏಕೆಂದರೆ ಈ ಹಾರ್ಮೋನ್ ಹೃದಯ ಮತ್ತು ಮೂತ್ರಪಿಂಡಗಳ ಅಂಗಾಂಶವನ್ನು ನೇರವಾಗಿಯೂ ಕೆಡಿಸುತ್ತದೆ. ಇಷ್ಟಾದರೂ ಹೊರಗೆ ಕಾಣುವ ಲಕ್ಷಣ ಹೆಚ್ಚಿನವರಲ್ಲಿ ಏನೂ ಇರುವುದಿಲ್ಲ. ಪೊಟ್ಯಾಸಿಯಮ್ ಇಳಿಯುವುದು ಅಲ್ಪಸಂಖ್ಯೆಯವರಲ್ಲಿ ಮಾತ್ರ. ಇಳಿದವರಲ್ಲೂ ಅದರ ಚಿಹ್ನೆಗಳಾದ ಕಾಲಿನ ಸೆಳೆತ, ತೋಳಿನ ಸೋಲು, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು, ಇವನ್ನೆಲ್ಲ ದುಡಿಮೆಯ ಆಯಾಸವೆಂದು ತಳ್ಳಿಹಾಕುವುದು ಸುಲಭ. ರಾಮನಗರದ ರೇಷ್ಮೆ ನೂಲು ಬಿಚ್ಚಣಿಕೆಯ ಘಟಕದಲ್ಲಿ ಕುದಿನೀರಿನ ಮುಂದೆ ದಿನವಿಡೀ ದುಡಿಯುವವರು, ಚನ್ನಪಟ್ಟಣದಲ್ಲಿ ಬೊಂಬೆಯ ಮರ ಕಡೆಯುವವರು, ಕನಕಪುರದ ಕಲ್ಲುಗಣಿಯವರು, ಬಿಡದಿಯ ಕಾರ್ಖಾನೆಗಳ ರಾತ್ರಿಪಾಳಿಯವರು ಮೈಕೈ ಸೋತಿತೆಂದರೆ ಅದಕ್ಕೆ ಬೇರೆ ಕಾರಣ ಹುಡುಕುವವರು ಯಾರು? ಆದ್ದರಿಂದ ಲಕ್ಷಣಕ್ಕಾಗಿ ಕಾಯದೆ ರಕ್ತಪರೀಕ್ಷೆ ಮಾಡಿಸುವುದೊಂದೇ ದಾರಿ.

ಬೆಳಗಿನ ಹೊತ್ತು ಒಂದೇ ಸಲ ತೆಗೆದ ರಕ್ತದಲ್ಲಿ ಆಲ್ಡೋಸ್ಟಿರೋನ್ ಮತ್ತು ರೆನಿನ್ ಎರಡನ್ನೂ ಅಳೆದು ಅವುಗಳ ಅನುಪಾತ ನೋಡುವುದು ಮೊದಲ ಪರೀಕ್ಷೆ. ಆಲ್ಡೋಸ್ಟಿರೋನ್ ಏರಿ ರೆನಿನ್ ತಗ್ಗಿದ್ದರೆ ಗುಮಾನಿ ಗಟ್ಟಿಯಾಗುತ್ತದೆ. ಅಂತಃಸ್ರಾವ ತಜ್ಞರ ಅಂತಾರಾಷ್ಟ್ರೀಯ ಸಂಘವಾದ ಎಂಡೋಕ್ರೈನ್ ಸೊಸೈಟಿ 2025ರಲ್ಲಿ ಹೊರತಂದ ಮಾರ್ಗಸೂಚಿ, ರಕ್ತದೊತ್ತಡವಿರುವ ಎಲ್ಲರಿಗೂ ಈ ಪರೀಕ್ಷೆ ಮಾಡುವುದು ಒಳ್ಳೆಯದೆಂದು ಸೂಚಿಸಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಅದು ಇಂದೇ ಎಲ್ಲರಿಗೂ ಸಾಧ್ಯವಾಗದು ಎಂಬುದನ್ನು ಒಪ್ಪಿಕೊಂಡರೂ, ನಲವತ್ತರೊಳಗೆ ಒತ್ತಡ ಬಂದವರು, ಮೂರು ಮಾತ್ರೆಗೂ ಬಗ್ಗದವರು, ಪೊಟ್ಯಾಸಿಯಮ್ ಕಡಿಮೆಯಿರುವವರು, ಮನೆತನದಲ್ಲಿ ಎಳೆವಯಸ್ಸಿನ ಲಕ್ವ ಕಂಡವರು ಇದನ್ನು ತಪ್ಪಿಸಿಕೊಳ್ಳಬಾರದು. ಇಪ್ಪತ್ತು ತುಂಬುವ ಮೊದಲೇ ಕಾಯಿಲೆ ಖಚಿತವಾದವರಿಗೆ ವಂಶವಾಹಿಯ ಪರೀಕ್ಷೆಯೂ ಬೇಕು. ಕಾಯಿಲೆ ಖಚಿತವಾದ ಮೇಲೆ ಅದು ಒಂದು ಬದಿಯದೋ ಎರಡೂ ಬದಿಯದೋ ಎಂಬುದು ತಿಳಿಯಬೇಕು; ಸಿ.ಟಿ. ಸ್ಕ್ಯಾನಿನಲ್ಲಿ ಕಾಣುವ ಗಂಟು ಕೆಲವೊಮ್ಮೆ ಏನೂ ಸ್ರವಿಸದ ನಿರಪರಾಧಿಯಾಗಿರುವುದರಿಂದ, ತೊಡೆಸಂದಿಯ ರಕ್ತನಾಳದ ಮೂಲಕ ಸಣ್ಣ ನಳಿಕೆ ಹಾಯಿಸಿ ಎರಡೂ ಗ್ರಂಥಿಗಳಿಂದ ಹೊರಬರುವ ರಕ್ತವನ್ನು ಬೇರೆಬೇರೆಯಾಗಿ ತೆಗೆದು ಅಳೆಯುವ ಪರೀಕ್ಷೆ ಬಹಳ ಜನರಿಗೆ ಬೇಕಾಗುತ್ತದೆ. ಇದು ನುರಿತ ಕೈ ಬೇಡುವ ಕೆಲಸ, ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ ನಡೆಯುವಂಥದ್ದು.

ಒಂದು ಬದಿಯದೆಂದು ಗೊತ್ತಾದರೆ ಆ ಗ್ರಂಥಿಯನ್ನು ಸಣ್ಣ ರಂಧ್ರಗಳ ಮೂಲಕ ತೆಗೆಯುತ್ತಾರೆ. ಹಾರ್ಮೋನಿನ ದೋಷ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನರಲ್ಲಿ ಸರಿಹೋಗುತ್ತದೆ, ಮಾತ್ರೆಯೇ ಬೇಡವಾಗುವುದು ಸುಮಾರು ಮೂವರಲ್ಲಿ ಒಬ್ಬರಿಗೆ, ಉಳಿದವರಲ್ಲಿ ಹೆಚ್ಚಿನವರಿಗೆ ಮಾತ್ರೆಗಳ ಸಂಖ್ಯೆ ಇಳಿಯುತ್ತದೆ. ವರ್ಷಗಟ್ಟಲೆ ಏರಿದ ಒತ್ತಡ ರಕ್ತನಾಳಗಳನ್ನು ಆಗಲೇ ಗಡುಸು ಮಾಡಿರುವುದರಿಂದ ಬೇಗ ಪತ್ತೆಯಾದಷ್ಟೂ ಲಾಭ ಹೆಚ್ಚು. ಎರಡೂ ಬದಿಯದಾದರೆ ಆಲ್ಡೋಸ್ಟಿರೋನಿನ ಆಜ್ಞೆಯನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್ ಎಂಬ ಹಳೆಯ, ಅಗ್ಗದ ಮಾತ್ರೆ ಇದೆ. ಅದರಿಂದ ಕೆಲವು ಗಂಡಸರಲ್ಲಿ ಎದೆ ಊದಿಕೊಳ್ಳುತ್ತದೆ, ನಾಚಿಕೆಯಿಂದ ಯಾರಿಗೂ ಹೇಳದೆ ಮಾತ್ರೆ ಬಿಡುವವರೂ ಇದ್ದಾರೆ; ಹೇಳಿದರೆ ಎಪ್ಲಿರಿನೋನ್ ಎಂಬ ಬದಲಿ ಮಾತ್ರೆ ಸಿಗುತ್ತದೆ. ಬಸಿರಿಯರು ಸ್ಪೈರೊನೊಲ್ಯಾಕ್ಟೋನನ್ನು ತೆಗೆದುಕೊಳ್ಳಬಾರದು. ಅದನ್ನು ತೆಗೆದುಕೊಳ್ಳುವವರಲ್ಲಿ ಪೊಟ್ಯಾಸಿಯಮ್ ಏರಬಹುದಾದ್ದರಿಂದ ನಡುನಡುವೆ ರಕ್ತ ನೋಡಿಸಬೇಕು, ಮೂತ್ರಪಿಂಡ ಸೋತವರು ಎಳನೀರನ್ನೂ ಸೋಡಿಯಮ್ ಕಡಿಮೆಯೆಂದು ಮಾರುವ ಬದಲಿ ಉಪ್ಪನ್ನೂ ವೈದ್ಯರನ್ನು ಕೇಳದೆ ಬಳಸಬಾರದು.

ಇನ್ನುಳಿದದ್ದು ಮನೆತನದ ವಿವರ ಹೇಳುವ ಬಗೆ. ಆಸ್ಪತ್ರೆಯಲ್ಲಿ ಮನೆಯವರಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳಿದರೆ ನಮ್ಮಲ್ಲಿ ಅಪ್ಪ, ಅಜ್ಜ, ದೊಡ್ಡಪ್ಪ, ಚಿಕ್ಕಪ್ಪಂದಿರ ಮಾತು ಬರುತ್ತದೆ. ತಾಯಿಯ ತವರಿನವರು, ಮದುವೆಯಾಗಿ ಬೇರೆ ಊರು ಸೇರಿದ ಅಕ್ಕತಂಗಿಯರು, ಅವರ ಮಕ್ಕಳು ಲೆಕ್ಕದಿಂದ ಬಿಟ್ಟುಹೋಗುತ್ತಾರೆ. ವಂಶವಾಹಿಗೆ ಈ ಭೇದವಿಲ್ಲ, ಅದು ಮಗನ ಮೂಲಕ ಹೋಗುವಷ್ಟೇ ಮಗಳ ಮೂಲಕವೂ ಹೋಗುತ್ತದೆ. ಮಾಗಡಿಯ ಒಬ್ಬ ರೋಗಿಯಲ್ಲಿ ಮೊದಲನೆಯ ಬಗೆಯ ಕೌಟುಂಬಿಕ ದೋಷ ಪತ್ತೆಯಾದರೆ ಕುಣಿಗಲ್ಲಿಗೆ ಕೊಟ್ಟ ಅವರ ತಂಗಿಗೂ ಅವಳ ಶಾಲೆಗೆ ಹೋಗುವ ಮಗನಿಗೂ ಒಂದು ರಕ್ತಪರೀಕ್ಷೆಯಿಂದ ಅದು ಇದೆಯೇ ಇಲ್ಲವೇ ಎಂದು ತಿಳಿಯಬಹುದು, ಇದ್ದರೆ ಒಂದು ಸಣ್ಣ ಮಾತ್ರೆಯಿಂದ ಅವರನ್ನು ಲಕ್ವದಿಂದ ಕಾಪಾಡಬಹುದು. ಮನೆಬಾಗಿಲಿಗೆ ಬಂದು ರಕ್ತದೊತ್ತಡ ಅಳೆಯುವ ಆಶಾ ಕಾರ್ಯಕರ್ತೆಯರಿಗೂ ಆಸ್ಪತ್ರೆಯ ವೈದ್ಯರಿಗೂ ಎರಡೂ ಕಡೆಯ ಬಳಗದಲ್ಲಿ ಯಾರಿಗೆ ಯಾವ ವಯಸ್ಸಿನಲ್ಲಿ ಒತ್ತಡ ಬಂತು, ಯಾರು ಎಳೆವಯಸ್ಸಿನಲ್ಲಿ ಲಕ್ವದಿಂದ ತೀರಿಕೊಂಡರು ಎಂಬುದನ್ನು ಕೇಳುಗರು ತಪ್ಪದೆ ಹೇಳಬೇಕು. ಮಾತ್ರೆ ಮೂರಾದರೂ ಒತ್ತಡ ಇಳಿಯದಿದ್ದರೆ ಆಲ್ಡೋಸ್ಟಿರೋನ್ ಮತ್ತು ರೆನಿನ್ ಪರೀಕ್ಷೆಯನ್ನು ಹೆಸರು ಹಿಡಿದು ಕೇಳಬೇಕು.